ನಾಲ್ಕೂರಿನ ಗಾಡಿಗೆ ಒಂದೇ ಬಣ್ಣ

ಜನವರಿ ೬, ಸೋಮವಾರ

ಮಾಂತೇಶ ಬೈಲಹೊಂಗಲದಿಂದ ಫೋನ್ ಮಾಡಿ ಒಂದು ಕೆಲಸ ಕೊಟ್ಟ. ಸಂಬಳವಿಲ್ಲ, ಆದ್ದರಿಂದ ಕೆಲಸ ಎನ್ನಬಹುದೋ ಇಲ್ಲವೋ.

ಮಾಂತೇಶ ನಮ್ಮ ಮನೆಯವರ ಚಿಕ್ಕಪ್ಪನ ಮಗ. ಅಲ್ಲಿಯ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತ. ಉಳಿದ ಹೊತ್ತಿನಲ್ಲಿ ಗೆಳೆಯರ ಜೊತೆ ಸೇರಿ ‘ಗಾಡಿ ಬಂತ’ ಎಂಬ ತಂತ್ರಾಂಶ ನಡೆಸುತ್ತಾನೆ. ನಮ್ಮ ಕಡೆ ಬಸ್ಸಿಗೆ ಗಾಡಿ ಅಂತಲೇ ಅನ್ನುವುದು. ಸ್ಟ್ಯಾಂಡಿನಲ್ಲಿ ನಿಂತವರು ಗಾಡಿ ಬಂತು, ಗಾಡಿ ಬಿಟ್ಟಿತು ಎಂದು ಫೋನಿನಲ್ಲಿ ಒತ್ತಿದರೆ ಮನೆಯಲ್ಲಿದ್ದವರಿಗೆ, ಮುಂದಿನ ಊರಿನವರಿಗೆ ಕಾಣುತ್ತದೆ. ವೇಳಾಪಟ್ಟಿಯೂ ಇದೆ. ಎಲ್ಲ ಪುಕ್ಕಟೆ. ಅದನ್ನು ಬರೆದ ಕೋಡಿನ ಸಾಲುಗಳೂ ಬಚ್ಚಿಟ್ಟಿದ್ದಲ್ಲ. ಬೇಕಾದವರು ತೆಗೆದುಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಿಗೆ ನಾಲ್ಕು ತಾಣ. ಒಂದೊಂದನ್ನು ಒಬ್ಬೊಬ್ಬರು ಕಟ್ಟಿದ್ದಾರೆ. ಸಮಸ್ಯೆ ಅಲ್ಲಿಯೇ ಇದೆ.

“ವೈನಿ, ಮಂದಿ ರಾಮದುರ್ಗದ ಪುಟದಿಂದ ಸವದತ್ತಿ ಪುಟಕ್ಕ ಹ್ವಾದ ಕೂಡ್ಲೇ ಯಾವ್ದೋ ಜಾಹೀರಾತು ಬಂತು ಅಂತ ಮುಚ್ಚಿಬಿಡತಾರ,” ಎಂದ. “ಭಾರತ ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡಕ್ಕ ಎಷ್ಟ ಮಂದಿ ಕೂಡತೈತಿ ನಿಮಗ ಗೊತ್ತೈತಿ. ಅಷ್ಟರೊಳಗ ನಾಲ್ಕೂ ಒಂದ ಮನಿ ಮಕ್ಕಳಂಗ ಕಾಣಬೇಕು ನೋಡ್ರಿ.”

ಫೋನ್ ಇಟ್ಟು ನಾಲ್ಕನ್ನೂ ತೆರೆದು ನೋಡಿದೆ. ಸವದತ್ತಿಯದು ಗುಲಾಬಿ, ತುಂಬ ಹೂವು, ನಡುನಡುವೆ ಚಂದ್ರ. ಕಿತ್ತೂರಿನದು ಹಳದಿ-ಕೆಂಪು, ತಲೆಯ ಮೇಲೆ ಕೋಟೆಯ ಚಿತ್ರ, ಪಟ್ಟಿಯಲ್ಲಿ ಅಲ್ಲಲ್ಲಿ ಕೆಂಪು ಅಕ್ಷರ. ಬೈಲಹೊಂಗಲದ್ದು ಕಪ್ಪು ನೆಲದ ಮೇಲೆ ಹಸಿರು, ನಕ್ಷತ್ರಗಳು. ನಮ್ಮ ರಾಮದುರ್ಗಕ್ಕೆ ಯಾರೂ ಗತಿಯಿಲ್ಲ. ಮಾಂತೇಶ ಅಲ್ಲಿಂದಲೇ ತುಂಬಿಸುತ್ತಾನೆ, ಬರೀ ಬಿಳಿಯ ಮೇಲೆ ಅವನದೇ ನಾಲ್ಕು ನಕ್ಷತ್ರ.

ಪುಟಗಳಿಗೆ ರೂಪ, ಬಣ್ಣ ಕೊಡುವುದು, ಇಪ್ಪತ್ತು ವರ್ಷ ನಾನು ಮಾಡಿದ್ದು ಇದೇ ಕೆಲಸ, ಪುಣೆಯ ಕಂಪನಿಗೆ, ಈ ಮನೆಯ ಮಹಡಿಯ ಕೋಣೆಯಲ್ಲಿ ಕೂತು. ದಸರೆಯ ಹೊತ್ತಿಗೆ ಅವರಿಗೆ ನನ್ನ ಅಗತ್ಯ ಮುಗಿಯಿತು. ಇನ್ನೊಂದು ಕಂಪನಿಗೆ ಬರೆದಿದ್ದೇನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಿಂಚಂಚೆ ತೆರೆದು ನೋಡುತ್ತೇನೆ.

ಮಾಂತೇಶನಿಗೆ ಆಗಲಿ ಎಂದೆ. ಹಾಗೆಂದದ್ದು ಕೆಲಸ ಇಷ್ಟವಾಗಿಯೋ, ಯಾರೋ ಒಬ್ಬರು ಕೇಳಿದರಲ್ಲ ಎಂದೋ, ಯೋಚಿಸಬೇಕು. ಪುಟಗಳೆಲ್ಲ ಕನ್ನಡದಲ್ಲಿರುವುದರಿಂದ ಡೈರಿಯನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಕೈಗೆ ಅಷ್ಟು ವ್ಯಾಯಾಮ ಇರಲಿ.

ಜನವರಿ ೯, ಗುರುವಾರ

ನಿಯಮಗಳ ಪುಟ ತಯಾರಾಯಿತು. ಎಲ್ಲ ಊರಿಗೂ ಒಂದೇ ಅಕ್ಷರದ ಮಾದರಿ, ಒಂದೇ ನೀಲಿ ಬಣ್ಣ, ಒಂದೇ ಪಟ್ಟಿ. ಪ್ರತಿ ಗಾಡಿಗೆ ಒಂದು ಸಾಲು: ಹೋಗುವುದು, ಬರುವುದು. ಅಲಂಕಾರ ಬೇಡ. ಹೂವು, ಚಂದ್ರ, ನಕ್ಷತ್ರ, ಅಲ್ಲೊಂದು ಇಲ್ಲೊಂದು ಕೆಂಪು ಅಕ್ಷರ, ಎಲ್ಲ ತೆಗೆದೆ. ತೆಗೆಯುವಾಗ ಮನಸ್ಸಿಗೆ ಹಿತವಾಯಿತು, ಕಪಾಟು ಜೋಡಿಸಿದಂತೆ.

ಎಲ್ಲರಿಗೂ ಕಳಿಸುವ ಮೊದಲು ಉದ್ದದ ಪತ್ರ ಬರೆದೆ. ತಪ್ಪು ತಿಳಿಯಬಾರದು, ಇದು ಸಲಹೆ ಮಾತ್ರ, ನಾನು ಹೊಸಬಳು, ಯಾರ ಶ್ರಮವನ್ನೂ ಕಡೆಗಣಿಸುತ್ತಿಲ್ಲ. ಓದಿ ನೋಡಿದಾಗ ಅರ್ಧ ಪತ್ರ ಕ್ಷಮೆಯೇ ಇತ್ತು. ಹಾಗೇ ಕಳಿಸಿದೆ.

ಸವದತ್ತಿಯ ತಾಣ ನೋಡಿಕೊಳ್ಳುವವಳು ಮಂಜುಳಾ, ಅಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಧ್ವನಿ ಸಂದೇಶ ಕಳಿಸಿದಳು: “ಚೊಲೊ ಐತ್ರಿ ಅಕ್ಕಾ, ಸ್ವಚ್ಛ ಐತಿ. ಆದ್ರ ನಮ್ಮ ಚಂದ್ರಾಮ ಎಲ್ಲಿ ಹ್ವಾದ?”

ಎಲ್ಲ ಕಡೆ ಒಂದೇ ಥರ ಇರಬೇಕಾದರೆ ಅಲಂಕಾರ ಬಿಡಬೇಕಾಗುತ್ತದೆ ಎಂದು ವಿವರವಾಗಿ ಬರೆದೆ.

“ಆತ್ ಬಿಡ್ರಿ, ನೀವು ಕಲತವರು,” ಎಂದು ಉತ್ತರ ಬಂತು. ಅದು ಹೊಗಳಿಕೆಯೇ ಎಂದು ಎರಡು ಸಲ ಕೇಳಿಸಿಕೊಂಡೆ. ಅಲ್ಲ ಅನಿಸಿತು.

ಕಿತ್ತೂರಿನವರು ನಿಜಗುಣಪ್ಪ. ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ, ವಯಸ್ಸು ಅರವತ್ತರ ಮೇಲೆ. ಅವರು ನೇರವಾಗಿ ಫೋನ್ ಮಾಡಿದರು.

“ಬಾಯಾರ, ನಾವು ಬ್ರಿಟಿಷರಿಗೇ ಕಪ್ಪ ಕೊಟ್ಟವರಲ್ಲ. ನಿಮ್ಮ ನೀಲಿ ಬಣ್ಣಕ್ಕ ಕೊಡತೇವೇನ್ರಿ?”

ಏನು ಹೇಳಬೇಕೋ ತಿಳಿಯದೆ ಸಾರಿ ಎಂದೆ. ಯಾತಕ್ಕೆ ಎಂದು ಅವರು ಕೇಳಿದರು. ಅದಕ್ಕೂ ಸಾರಿ ಎಂದೆ.

ಜನವರಿ ೧೨, ಭಾನುವಾರ

ಬಣ್ಣದ ಬಗ್ಗೆ ನಾಲ್ವರೂ ಫೋನಿನಲ್ಲಿ ಕೂಡಿ ಮಾತಾಡಿದೆವು. ಇಷ್ಟು ವರ್ಷ ಎಷ್ಟೋ ಕಂಪನಿಗಳಿಗೆ ಬಣ್ಣ ಆರಿಸಿಕೊಟ್ಟಿದ್ದೇನೆ. ಇಂಥ ಚರ್ಚೆ ಕೇಳಿರಲಿಲ್ಲ.

ನೀಲಿ ಬೇಡ, ಅದು ಒಂದು ಪಕ್ಷದವರದು. ಹಸಿರು ಎಂದೆ. “ಹಸರ ಶಾಲು ಹೊತ್ಕೊಂಡಂಗ ಆಕ್ಕೈತಿ, ರೈತರ ಮೋರ್ಚಾ ಬಂತು ಅಂತಾರ,” ಎಂದ ಮಾಂತೇಶ. ಕೇಸರಿ ಎನ್ನುವ ಮೊದಲೇ ಮಂಜುಳಾ ಕೆಮ್ಮಿದಳು. ಹಳದಿ-ಕೆಂಪು ನಿಜಗುಣಪ್ಪನವರಿಗೆ ಬೇಕೇ ಬೇಕು. ಆದರೆ ಗಾಡಿ ಬೆಳಗಾವಿ ದಾಟಿ ಗಡಿಯ ಆಚೆಗೂ ಹೋಗುತ್ತದೆ, ಅಲ್ಲಿ ಬೇರೆ ತಕರಾರು. ಬಿಳಿ ಇಡಿ ಎಂದರೆ, “ಯಾರ ಸತ್ತಾರ್ರಿ?” ಎಂದರು ಅವರೇ.

ಒಂದು ತಾಸು ಕಳೆದರೂ ಮಳೆಬಿಲ್ಲಿನಲ್ಲಿ ಯಾರಿಗೂ ಸೇರದ ಬಣ್ಣ ಸಿಗಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ನಾಳೆಯ ಭೋಗಿಗೆ ಬದನೆಕಾಯಿ ಆರಿಸುತ್ತಿದ್ದರು. ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು. ಹೇಳಿದೆ. ಒಂದು ಬದನೆಕಾಯಿ ಎತ್ತಿ ತೋರಿಸಿದರು.

“ಇದನ್ನ ಹಚ್ಚು. ಬದ್ನಿಕಾಯಿಗೆ ಯಾ ಪಕ್ಷನೂ ಇಲ್ಲ.”

ಗುಂಪಿಗೆ ಆ ಬಣ್ಣ ಕಳಿಸಿದೆ. ಯಾರೂ ಬೇಡ ಎನ್ನಲಿಲ್ಲ. ಕಿತ್ತೂರಿನವರು ಮಾತ್ರ, “ಎಣ್ಣಿಗಾಯಿ ಬಣ್ಣ ಅನ್ನೂದಾದ್ರ ನೋಡೋಣು,” ಎಂದು ಬರೆದರು.

ಜನವರಿ ೨೦, ಸೋಮವಾರ

ಶೀರ್ಷಿಕೆಗಳಲ್ಲಿ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತಿದ್ದವು. ನಾನು ಇಂಗ್ಲಿಷ್ ಸಾಲಿನ ಎತ್ತರ ಇಟ್ಟಿದ್ದೆ. ಸರಿಪಡಿಸಿದೆ. ಇಡೀ ದಿನ ಹೋಯಿತು. ಅಂಚೆಯಲ್ಲಿ ಏನೂ ಇಲ್ಲ.

ಜನವರಿ ೨೭, ಸೋಮವಾರ

ಮೂರು ತಾಣ ಬದಲಾದವು. ಕಿತ್ತೂರಿನದೂ ಬದಲಾಯಿತು, ಷರತ್ತಿನ ಮೇಲೆ. “ಎಂಟ್ ದಿನ ನೋಡತೇನಿ ಬಾಯಾರ. ಕ್ವಾಟಿ ಇಲ್ಲದ ಕಿತ್ತೂರು ನೋಡಾಕ ಕಣ್ಣು ಒಗ್ಗಬೇಕಲ್ಲ.”

ನಾಲ್ಕನ್ನೂ ಸಾಲಾಗಿ ತೆರೆದು ಕೂತೆ. ಒಂದರಿಂದ ಒಂದಕ್ಕೆ ಹೋದರೆ ಹೊಸ್ತಿಲು ದಾಟಿದ್ದೇ ತಿಳಿಯದು. ನಮ್ಮ ಮನೆಯವರನ್ನು ಅಂಗಡಿಯಿಂದ ಕರೆಸಿ ತೋರಿಸಿದೆ. ನಿಂಗರಾಜರದು ಪಂಪು, ಪೈಪಿನ ವ್ಯಾಪಾರ. ನೀರು ಬಂದರೆ ಸರಿ, ಪೈಪಿನ ಬಣ್ಣ ಅವರಿಗೆ ಕಾಣುವುದಿಲ್ಲ.

“ನಾಲ್ಕೂ ಒಂದ ಅದಾವಲ್ಲ,” ಎಂದರು.

“ಅದ ಕೆಲಸರೀ.”

“ಹಂಗಾದ್ರ ಚೊಲೊ ಆಗೇತಿ.”

ಅತ್ತೆ ತಮ್ಮ ಫೋನಿನಲ್ಲಿ ತೆಗೆಸಿಕೊಂಡರು. ಅವರಿಗೆ ಓದು ಅಷ್ಟಕ್ಕಷ್ಟೇ. ಊರ ಹೆಸರು, ಅಂಕಿ ಹಿಡಿಯುತ್ತಾರೆ. ಸಂಜೆ ಕಟ್ಟೆಯ ಮೇಲೆ ಕೂತ ಹೆಂಗಸರಿಗೆಲ್ಲ ತೋರಿಸುತ್ತಿದ್ದರು.

ಜನವರಿ ೩೦, ಗುರುವಾರ

ಅತ್ತೆ ತೊರಗಲ್ಲಿಗೆ ಹೋಗಿದ್ದಾರೆ, ತಂಗಿ ಶಟ್ಟೆವ್ವನಿಗೆ ಹುಷಾರಿಲ್ಲವೆಂದು ನೋಡಲು. ಸಂಜೆಯ ಗಾಡಿಗೆ ಹೋಗಿ ಅದೇ ಗಾಡಿಗೆ ಬರುತ್ತೇನೆ ಎಂದಿದ್ದರು. ಬಂದಿಲ್ಲ. ಫೋನ್ ಮಾಡಿ, “ಇಲ್ಲೇ ಉಳೀತೇನಿ, ಮುಂಜಾನೆ ಬರತೇನಿ, ಹಾಲು ಹೆಪ್ಪ ಹಾಕು,” ಎಂದಷ್ಟೇ ಹೇಳಿ ಇಟ್ಟರು. ಹಿಂದೆ ಯಾರೋ ಜೋರಾಗಿ ನಗುತ್ತಿದ್ದರು.

ಜನವರಿ ೩೧, ಶುಕ್ರವಾರ

ಬರೆಯಬೇಕಾದದ್ದನ್ನು ನೇರವಾಗಿ ಬರೆಯುತ್ತೇನೆ. ಅತ್ತೆ ತೊರಗಲ್ಲಿನಲ್ಲಿ ಉಳಿದದ್ದು ನನ್ನ ಪುಟದಿಂದ.

ಸಂಜೆ ಹೋಗುವ ಆ ಗಾಡಿ ವಸ್ತಿ ಗಾಡಿ. ಎಂದರೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲಿಯೇ ನಿಂತು, ಮರುದಿನ ಬೆಳಿಗ್ಗೆ ಮೊದಲ ಗಾಡಿಯಾಗಿ ವಾಪಸು ಬರುತ್ತದೆ. ಡ್ರೈವರ್, ಕಂಡಕ್ಟರ್ ಅಲ್ಲಿಯೇ ಮಲಗುತ್ತಾರೆ. ಈ ಸೀಮೆಯ ಪ್ರತಿ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಹೋದದ್ದೆಲ್ಲ ಕಾರಿನಲ್ಲಿ. ನನ್ನ ಪಟ್ಟಿಯಲ್ಲಿ ಅದಕ್ಕೂ ಉಳಿದ ಗಾಡಿಗಳಂತೆಯೇ ಒಂದು ಸಾಲು: ಹೋಗುವುದು, ಬರುವುದು. ಬರುವುದು ಮರುದಿನ ಬೆಳಗಿನದು ಎಂದು ತಿಳಿಯುವ ಗುರುತು ಒಂದೂ ಇಲ್ಲ.

ಆದರೆ ಅತ್ತೆಗೆ ಗೊತ್ತಿರಬೇಕಲ್ಲ. ಕೇಳಿದೆ.

“ಹತ್ತೂವಾಗನ ಸಂಶೇ ಬಂತು,” ಎಂದರು. “ಇಂಜಿನ್ ಮ್ಯಾಲೆ ಡ್ರೈವರನ ಹಾಸಿಗಿ ಸುರುಳಿ ಇತ್ತು. ವಸ್ತಿ ಇದ್ದಂಗೈತಿ ಅಂದೆ. ಆದ್ರ ಫೋನಿನ್ಯಾಗ ವಾಪಸ್ ಐತಿ ಅಂತ ತೋರಸತಿತ್ತು. ನನ್ನ ಸೊಸಿ ಮಾಡಿದ್ದು ತಪ್ಪ ಇರತೈತೇನು ಅಂತ ಕುಂತೆ.”

ಸಿಟ್ಟು ಮಾಡಿದ್ದರೆ ವಾಸಿಯಿತ್ತು. ಅವರಂತೂ ಖುಷಿಯಲ್ಲಿದ್ದಾರೆ. ತಂಗಿಯ ಜ್ವರ ಇಳಿದಿದೆ, ಅಕ್ಕತಂಗಿಯರು ಒಂದೇ ಕೌದಿಯಲ್ಲಿ ಮಲಗಿ ಸತ್ತವರ, ಇದ್ದವರ ಮಾತೆಲ್ಲ ಆಡಿ ಮುಗಿಸಿದ್ದಾರೆ.

ಮಹಡಿಗೆ ಬಂದು ಹಳೆಯ ಪುಟಗಳನ್ನು ತೆಗೆದು ನೋಡಿದೆ. ಮಂಜುಳಾ ಚಂದ್ರ ಇಟ್ಟಿದ್ದ ಗಾಡಿಗಳೆಲ್ಲ ವಸ್ತಿ. ನಿಜಗುಣಪ್ಪನವರ ಕೆಂಪು ಅಕ್ಷರ, ವಸ್ತಿ. ಮಾಂತೇಶನ ನಕ್ಷತ್ರ, ವಸ್ತಿ. ಯಾರೂ ವಿವರಣೆ ಬರೆದಿರಲಿಲ್ಲ. ನೀರು ಒದ್ದೆ ಎಂದು ಯಾರು ಬರೆಯುತ್ತಾರೆ? ನಾನು ಕೇಳಲಿಲ್ಲ. ಕೇಳದೆ ಕಪಾಟು ಜೋಡಿಸಿದೆ.

ಗುಂಪಿಗೆ ಬರೆದೆ: “ವಸ್ತಿ ಗಾಡಿಗಳ ಗುರುತನ್ನು ತಿಳಿಯದೆ ತೆಗೆದಿದ್ದೇನೆ. ತಪ್ಪು ನನ್ನದು. ಈಗಲೇ ಆ ಸಾಲುಗಳಲ್ಲಿ ಬರುವ ಹೊತ್ತನ್ನು ಅಳಿಸಿದ್ದೇನೆ, ಹೊಸ ಗುರುತು ಬೇಗ ಕೊಡುತ್ತೇನೆ.”

ಫೆಬ್ರವರಿ ೧, ಶನಿವಾರ

ತಡವಾಗಿತ್ತು. ನಿಜಗುಣಪ್ಪನವರ ಓಣಿಯ ಭಜನಾ ಮೇಳದವರು ಗುರುವಾರವೇ ಒಂದು ಹಳ್ಳಿಗೆ ಹೋಗಿ ಸಿಕ್ಕಿಬಿದ್ದಿದ್ದಾರೆ.

“ಒಂದು ಪದ ಹಾಡಿ ಬರೂದಂತ ಹ್ವಾದವರು ಬೆಳತನಕ ಹಾಡಿದ್ರು ಬಾಯಾರ,” ಎಂದರು. “ಆ ಊರವರು ಖುಷ್. ಇವರ ಹೆಂಡಂದಿರು ನನ್ನ ಅಂಗಡಿ ಮುಂದ ಬಂದು ನಿಂತಾರ.”

ನಗಬಾರದ ಹೊತ್ತಿನಲ್ಲಿ ನಗು ಬಂದಿತ್ತು. ಮುಂದಿನ ಮಾತಿಗೆ ಹೋಯಿತು.

“ನಾವ್ ಬ್ಯಾರೆ ಆಗತೇವ್ರಿ. ಯಾರ ಮ್ಯಾಲೂ ಸಿಟ್ಟಿಲ್ಲ. ನಮ್ಮ ಪಾಲಿಂದು ನಮಗ ಕೊಡ್ರಿ. ಮುಂದಿನ ಐತವಾರ ಬೈಲಹೊಂಗಲಕ್ಕ ಬಂದು ಮಾಂತೇಶನ ಎದರಿಗೆ ಮುಗಿಸಿಕೊಂಡು ಬರತೇನಿ.”

ಅವರು ಆಗಲೇ ಹಳೆಯ ಹಳದಿ-ಕೆಂಪು ಪುಟ, ಕೋಟೆ, ಎಲ್ಲ ತಿರುಗಿ ಹಾಕಿದ್ದಾರೆ. ತಂತ್ರಾಂಶ ಎಲ್ಲರದೂ ಆದ್ದರಿಂದ ತೆಗೆದುಕೊಂಡು ಬೇರೆ ನಡೆಸುವುದಕ್ಕೆ ಅಡ್ಡಿಯಿಲ್ಲ. ಆದರೆ ಆಮೇಲೆ ಕಿತ್ತೂರಿನಲ್ಲಿ ಗಾಡಿ ಬಂದದ್ದು ನಮ್ಮ ಪುಟದಲ್ಲಿ ಕಾಣುವುದಿಲ್ಲ. ಧಾರವಾಡಕ್ಕೆ, ಬೆಳಗಾವಿಗೆ ಅಲ್ಲಿ ಇಳಿದು ಹತ್ತುವವರು ಎಷ್ಟೋ ಜನ. ಅವರ ಪಾಲಿಗೆ ಹಾದಿ ನಡುವೆ ಹರಿದುಹೋಗುತ್ತದೆ.

“ಬ್ಯಾರೆ ಆದ ಮನಿ ಮತ್ತ ಕೂಡಿದ್ದು ಎಲ್ಲೆರ ನೋಡೀರೇನ್ರಿ ವೈನಿ?” ಎಂದ ಮಾಂತೇಶ. ಮೂರು ವರ್ಷದ ಕೂಸು ಇದು ಅವನಿಗೆ. ಧ್ವನಿ ಸಣ್ಣದಾಗಿತ್ತು.

ಅತ್ತೆ ಕೆಳಗಿನಿಂದ, “ಯಾರ್ದು ಬ್ಯಾರೆ ಆಗಾಕತ್ತೈತಿ?” ಎಂದು ಗಾಬರಿಯಿಂದ ಕೇಳಿದರು. ತವರಿನ ಕಡೆಯವರು ಎಂದುಕೊಂಡಿದ್ದರಂತೆ.

ಫೆಬ್ರವರಿ ೩, ಸೋಮವಾರ

ಗುರುತು ಯಾವುದು?

‘ವಸ್ತಿ’ ಎಂದು ಅಕ್ಷರದಲ್ಲಿ ಬರೆದರೆ ಮುಗಿಯಿತು ಎಂದಿದ್ದೆ. ಅತ್ತೆಯಂಥವರು ಅಂಕಿ, ಚಿತ್ರ ನೋಡಿ ಹೋಗುತ್ತಾರೆ. ಅಕ್ಷರದ ಜೊತೆ ಚಿತ್ರವೂ ಬೇಕು. ಮಂಜುಳಾಗೆ ಚಂದ್ರನೇ ಬೇಕು, ಆದರೆ ಅವಳ ಪುಟದಲ್ಲಿ ಹುಣ್ಣಿಮೆಯ ವಿಶೇಷ ಗಾಡಿಗಳಿಗೂ ಚಂದ್ರ ಇದ್ದಾನೆ. ಅವಳಿಗೇ ಅದು ಈಗ ಕಂಡಿತು. ಮಾಂತೇಶನ ನಕ್ಷತ್ರವನ್ನು ಯಾವುದಕ್ಕಾದರೂ ಅಂದುಕೊಳ್ಳಬಹುದು. ಕೆಂಪು, ಗಾಡಿ ರದ್ದಾಗಿದೆ ಎನ್ನುವಂತೆ ಕಾಣುತ್ತದೆ.

ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರವಿಕೊಂಡು ಬರೆಯುತ್ತಿದ್ದೆ. ಮನೆಯ ಮುಂದೆ ನಿಂತ ಗಾಡಿ, ಕಣ್ಣು ಮುಚ್ಚಿದ ಗಾಡಿ.

“ಇದಕ್ಕೇನ್ ಜಡ್ಡು?” ಎಂದರು ಅತ್ತೆ.

“ಮಲಗೇತಿ ಅತ್ತಿ.”

“ಗಾಡಿ ಮಲಗತೈತೇನು? ಮಲಗಾಂವ ಡ್ರೈವರ.” ರೊಟ್ಟಿ ತಿರುವಿ ಹಾಕಿದರು. “ಅವನ ಹಾಸಿಗಿ ತಗಿ. ಹೇಳಲಿಲ್ಲೇನು, ಇಂಜಿನ್ ಮ್ಯಾಲೆ ಇತ್ತಂತ.”

ಹೇಳಿದ್ದರು. ನಾನು ಅದನ್ನು ಡೈರಿಯಲ್ಲಿ ಬರೆದೂ ಇದ್ದೆ. ನಾಲ್ಕು ಗೆರೆಯಲ್ಲಿ ಹಾಸಿಗೆ ಸುರುಳಿ ಬಂತು, ನಡುವೆ ಕಟ್ಟಿದ ಹಗ್ಗ. ಊಟಕ್ಕೆ ಬಂದ ನಿಂಗರಾಜ ಬಗ್ಗಿ ನೋಡಿದರು.

“ಸುರುಳಿ ಹೋಳಿಗಿ?”

“ನಿಮಗ ಹಸಿವಾಗೇತಿ, ಕುಂದರ್ರಿ,” ಎಂದೆ. ಹಗ್ಗವನ್ನು ದಪ್ಪ ಮಾಡಿ ತುದಿಯಲ್ಲಿ ದಿಂಬು ಇಣುಕಿಸಿದೆ.

ಫೆಬ್ರವರಿ ೫, ಬುಧವಾರ

ಹಾಳೆ ಹಿಡಿದು ರಾಮದುರ್ಗ ಸ್ಟ್ಯಾಂಡಿಗೆ ಹೋದೆ. ಮೊದಲು ಬಹಳ ಹೊತ್ತು ಯಾರನ್ನೂ ಕೇಳದೆ ನಿಂತೆ. ಗಾಡಿಗೆ ಕಾಯುವವಳಂತೆ ನಿಂತರೆ ಯಾರೂ ನೋಡುವುದಿಲ್ಲ, ಅದೇ ಆರಾಮ. ಕಟಕೋಳದ ಗಾಡಿಗೆ ಕಾಯುತ್ತಿದ್ದ ಒಬ್ಬ ಹಿರಿಯ ಹೆಂಗಸು ತಾವಾಗಿಯೇ ಜಾಗ ಮಾಡಿಕೊಟ್ಟರು, “ಕುಂದರವಾ, ಎಷ್ಟೊತ್ತ ನಿಂದರತಿ.” ಕೂತೆ. ಚಿತ್ರ ತೋರಿಸಿದೆ.

“ಇದೇನ್ರಿ ಯವ್ವಾ?”

“ಹಾಸಿಗಿ.”

“ಗಾಡಿ ಹೆಸರಿನ ಮುಂದ ಹಾಸಿಗಿ ಇದ್ರ?”

“ವಸ್ತಿ. ಇಷ್ಟೂ ತಿಳಿಯಂಗಿಲ್ಲೇನು? ಯಾ ಊರು ನಿಂದು?”

“ರಾಮದುರ್ಗರೀ.”

ಆಕೆ ಪಕ್ಕದವರ ಕಡೆ ತಿರುಗಿದರು. “ರಾಮದುರ್ಗದಾಕಿ ಅಂತ. ಕೇಳ್ರಿ.”

ಆಮೇಲೆ ಯಾರನ್ನೂ ನಾನು ಕೇಳಬೇಕಾಗಲಿಲ್ಲ. ಹಾಳೆ ಕೈಯಿಂದ ಕೈಗೆ ಹೋಯಿತು. ಒಬ್ಬರು ತಲೆದಿಂಬು ಸಣ್ಣದಾಯಿತು ಎಂದರು. ಇನ್ನೊಬ್ಬರು ತಮ್ಮೂರ ವಸ್ತಿ ಗಾಡಿಯ ಡ್ರೈವರನಿಗೆ ಮನೆಯಿಂದ ಬಿಸಿರೊಟ್ಟಿ ಕೊಡುವ ಸರದಿಯ ಬಗ್ಗೆ ಹೇಳಿದರು, ಯಾರ ಮನೆಯ ಪಲ್ಯ ಅವನಿಗೆ ಸೇರುವುದಿಲ್ಲ ಎಂಬುದನ್ನೂ. ಹಿಂದಿರುಗುವಾಗ ಕೊರಳು ಒಣಗಿತ್ತು. ಅಷ್ಟು ಮಾತಾಡಿದ್ದೆನೇ?

ಫೆಬ್ರವರಿ ೭, ಶುಕ್ರವಾರ

ಗಾಡಿಯಲ್ಲೇ ಸವದತ್ತಿಗೆ ಹೋಗಿಬಂದೆ. ಮಂಜುಳಾ ಫೋನಿನ ಧ್ವನಿಗಿಂತ ಗಿಡ್ಡ, ಫೋನಿಗಿಂತ ಖಾರ. ಗಿರಮಿಟ್ಟಿನ ತಟ್ಟೆ ನನ್ನ ಮುಂದೆ ಸರಿಸಿ ಕೇಳಿದಳು:

“ಒಂದ ಮಾತು ಕೇಳಲೇನ್ರಿ ಅಕ್ಕಾ? ಚಂದ್ರಾಮನ್ನ ತಗಿಯೂ ಮುಂದ ಇದು ಯಾಕೈತಿ ಅಂತ ಕೇಳಿದ್ರ ನಿಮ್ಮದೇನ್ ಖರ್ಚಾಗತಿತ್ತು?”

“ಏನೂ ಆಗತಿರಲಿಲ್ಲ. ಕೇಳಬೇಕಿತ್ತು.”

ಅವಳು ಇನ್ನೂ ದೊಡ್ಡ ಜಗಳಕ್ಕೆ ಸಿದ್ಧಳಾಗಿದ್ದಳು. ಉತ್ತರ ಸಣ್ಣದಾದ್ದರಿಂದ ಮೆಣಸಿನಕಾಯಿ ಕಚ್ಚಿದಳು. “ನಾನೂ ಬರದಿಡಬೇಕಿತ್ತು ಬಿಡ್ರಿ,” ಎಂದಳು ಆಮೇಲೆ. “ಹುಡುಗರಿಗೆ ದಿನಾ ಹೇಳತೇನಿ, ನಾನ ಮಾಡೂದಿಲ್ಲ.” ಹಾಸಿಗೆಯ ಚಿತ್ರ ನೋಡಿ ಮೊದಲು ನಕ್ಕಳು, ಆಮೇಲೆ ಚಂದ್ರ ಹುಣ್ಣಿಮೆಯ ಗಾಡಿಗಳಿಗೆ ಮಾತ್ರ ಇರಲಿ ಎಂದಳು. ನಿಯಮಗಳ ಪುಟದಲ್ಲಿ ಹೊಸ ಸಾಲು ಇಬ್ಬರೂ ಕೂಡಿ ಬರೆದೆವು: ಯಾವ ಗುರುತನ್ನೂ ಅದನ್ನು ಇಟ್ಟವರನ್ನು ಕೇಳದೆ ತೆಗೆಯಬಾರದು.

ಬರುವಾಗ ನಿಲ್ಲಲೂ ಜಾಗವಿರಲಿಲ್ಲ. ಫೋನಿನಲ್ಲಿ ಆ ಕಂಪನಿಯ ಹೆಸರು ಮಿನುಗಿದಂತಾಯಿತು, ಉತ್ತರ ಬಂದಿರಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಯಾರದೋ ಕೂಸು. ನಾಳೆ ನೋಡಿದರಾಯಿತು.

ಫೆಬ್ರವರಿ ೯, ಭಾನುವಾರ

ಬೈಲಹೊಂಗಲ. ಮಾಂತೇಶನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಪಾಲು ಮಾಡಲು ಹಿರಿಯರು ಕೂಡುವಾಗ ಹಾಸುವಂತೆ. ನಿಜಗುಣಪ್ಪನವರು ಬಿಳಿ ಅಂಗಿ, ಬಿಳಿ ಟೋಪಿಯಲ್ಲಿ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದರು. ಮಂಜುಳಾ ನನ್ನ ಪಕ್ಕ.

“ಮೊದಲ ಒಂದು ಹೇಳಿಬಿಡತೇನಿ,” ಎಂದರು. “ನೀವು ಕಳಸಿದ ಹಾಸಿಗಿ ಚಿತ್ರ ಅಂಗಡ್ಯಾಗ ಹಚ್ಚಿದ್ದೆ. ಬಂದವರಿಗೆಲ್ಲಾ ಇದೇನು ಅಂತ ಕೇಳಿದೆ. ತಿಳಿಯಂಗಿಲ್ಲ ಅಂತ ಅನ್ನಲಿ ಅಂತನ ಕೇಳಿದೆ, ಸುಳ್ಳು ಯಾಕ ಹೇಳಲಿ.”

“ಏನಂದ್ರು?” ಎಂದ ಮಾಂತೇಶ.

“ವಸ್ತಿ ಅಂದ್ರು. ಒಬ್ಬಾಂವ ಮಾತ್ರ ರೊಟ್ಟಿ ಸುರುಳಿ ಅಂದ. ಅಂವಂದು ಉಪಾಸಿತ್ತು.”

ಮಂಜುಳಾ ನಕ್ಕಳು. ಅವರು ನಗಲಿಲ್ಲ.

“ಹಾಸಿಗಿ ಚೊಲೊ ಐತಿ. ಅದನ್ನ ನಮ್ಮ ಪುಟಕ್ಕೂ ಹಾಕ್ಕೋತೇನಿ, ಬ್ಯಾರೆ ಆದ ಮ್ಯಾಲೂ. ಆದ್ರ ಕ್ವಾಟಿ ತಗದು ನಿಮ್ಮ ಬದ್ನಿಕಾಯಿ ಹಚ್ಚಿಕೊಂಡು ಕುಂದ್ರಾಕ ಆಗೂದಿಲ್ರಿ. ಪುಟಾ ತಗದ್ರ ಇದು ಕಿತ್ತೂರು ಅಂತ ಕಾಣಬೇಕು. ನಿಮ್ಮ ಮನೀಗೆ ಹೆಸರಿನ ಹಲಗಿ ಇಲ್ಲೇನ್ರಿ?”

ಇದೆ. ನಮ್ಮ ಮಾವನವರ ಹೆಸರು, ಹಿತ್ತಾಳೆಯದು. ಪ್ರತಿ ಹಬ್ಬಕ್ಕೆ ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ.

“ಮೇಲಿನ ಪಟ್ಟಿ ನಿಮ್ಮ ಊರಿಂದು,” ಎಂದೆ. “ಅಲ್ಲಿ ಕೋಟೆ ಇಡ್ರಿ, ನಿಮ್ಮ ಬಣ್ಣಾನೂ ಇಡ್ರಿ. ಸವದತ್ತಿಯವರು ಗುಡ್ಡ ಇಡಲಿ. ನಾಲ್ಕೂ ಊರಿಗೂ ಅಷ್ಟ ಎತ್ತರದ ಪಟ್ಟಿ.”

“ಹಂಗಾದ್ರ ಕೆಳಗಿನ ಗಾಡಿ ಸಾಲುಗಳಿಗೂ ಹಳದಿ-ಕೆಂಪ ಇರಲಿ.”

“ಇಲ್ರಿ.”

ಮಾಂತೇಶ ತಲೆ ಎತ್ತಿದ.

“ಕೆಳಗಿಂದು ನಾಲ್ಕೂರಿಂದು,” ಎಂದೆ. “ಅಲ್ಲಿ ನನ್ನ ಮಾತೂ ನಡಿಯೂದಿಲ್ಲ, ನಿಮ್ಮದೂ ನಡಿಯೂದಿಲ್ಲ. ನಮ್ಮ ಅತ್ತಿ ಫೋನ್ ನೋಡಿ ಗಾಡಿ ಹತ್ತತಾರ. ಕಿತ್ತೂರಿಗೆ ಬಂದ ಕೂಡ್ಲೇ ಅವರಿಗೆ ಪಟ್ಟಿ ಬ್ಯಾರೆ ಕಂಡ್ರ ಮತ್ತ ಎಲ್ಲೆರ ಉಳಿಯೂದು ಗ್ಯಾರಂಟಿ. ನಿಮ್ಮ ಭಜನಾದವರೂ ಅಷ್ಟ. ಅವರ ಹೆಂಡಂದಿರು ಆಗ ನಿಮ್ಮ ಅಂಗಡಿಗೇ ಬರತಾರ, ರಾಮದುರ್ಗಕ್ಕ ಬರೂದಿಲ್ಲ.”

ಚಹಾ ಬಂತು. ನಿಜಗುಣಪ್ಪನವರು ಬಸಿಯಲ್ಲಿ ಹಾಕಿಕೊಂಡು ಪೂರ್ತಿ ಕುಡಿದರು.

“ಈ ಬಾಯಾರು ಫೋನಿನ್ಯಾಗ ಬರೇ ಸಾರಿ ಅಂತಿದ್ರಲ್ಲೋ ಮಾಂತೇಶ,” ಎಂದು ಎದ್ದರು. “ಊರಿಗೆ ಹೋಗಿ ಹೇಳತೇನಿ.”

ಪಾಲು ಕೇಳಲಿಲ್ಲ. ಒಪ್ಪಿದೆ ಎಂದೂ ಹೇಳಲಿಲ್ಲ. ಜಮಖಾನೆ ಮಡಿಚುತ್ತ ಮಾಂತೇಶ ನನ್ನ ಮುಖ ನೋಡಿದ. ನನಗೂ ತಿಳಿಯದು.

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆಯಿಂದ ಕಿತ್ತೂರಿನ ಪುಟ ತೆರೆದು ನೋಡುತ್ತಿದ್ದೇನೆ. ಹಳದಿ-ಕೆಂಪು. ಮಧ್ಯಾಹ್ನ, ಹಳದಿ-ಕೆಂಪು. ನಾಳೆ ಹುಣ್ಣಿಮೆ.

ನಾಲ್ಕು ಗಂಟೆಯ ಹೊತ್ತಿಗೆ ತೆರೆದಾಗ ಬದನೆಕಾಯಿ. ಮೇಲೆ ಕೋಟೆ, ನಾನು ಹೇಳಿದ ಎತ್ತರಕ್ಕಿಂತ ಒಂದಿಷ್ಟು ಹೆಚ್ಚೇ ಇದೆ. ಕೆಳಗೆ ಪಟ್ಟಿ, ವಸ್ತಿ ಗಾಡಿಗಳ ಮುಂದೆ ಹಾಸಿಗೆ. ಅವರಿಂದ ಒಂದು ಮಾತೂ ಇಲ್ಲ. ಕೋಟೆಯ ಎತ್ತರದ ಬಗ್ಗೆ ನಾನೂ ಏನೂ ಅನ್ನಲಿಲ್ಲ. ಮಾಂತೇಶ ಫೋನ್ ಮಾಡಿ, ಊಟ ಆಯಿತೇ ಎಂದು ಕೇಳಿ ಇಟ್ಟ.

ಫೆಬ್ರವರಿ ೧೨, ಬುಧವಾರ

ಹುಣ್ಣಿಮೆ. ಅತ್ತೆಯ ಜೊತೆ ನಾನೂ ಗುಡ್ಡಕ್ಕೆ ಹೋಗಿದ್ದೆ. ಬರೆಯಲು ಕೈಯಲ್ಲಿ ಶಕ್ತಿಯಿಲ್ಲ. ಸೀರೆಯೆಲ್ಲ ಭಂಡಾರದ ಅರಿಶಿನ.

ಫೆಬ್ರವರಿ ೧೭, ಸೋಮವಾರ

ಐದು ದಿನದಿಂದ ಬರೆದಿಲ್ಲ, ಹೊತ್ತೇ ಸಿಕ್ಕಿಲ್ಲ. ಆ ಕಂಪನಿಯ ಉತ್ತರವನ್ನೂ ಇನ್ನೂ ತೆರೆದಿಲ್ಲ. ಮುಧೋಳದವರೊಬ್ಬರು ತಮ್ಮ ಊರನ್ನೂ ಸೇರಿಸಿಕೊಳ್ಳಿ ಎಂದು ಬರೆದಿದ್ದಾರೆ. ಮೊದಲು ನಿಮ್ಮ ಕಡೆಯ ಗಾಡಿಗಳ ಬಗ್ಗೆ ಎಲ್ಲ ಹೇಳಿ, ಆಮೇಲೆ ಬಣ್ಣ ಎಂದು ಉತ್ತರ ಕೊಟ್ಟೆ.

ಇವತ್ತು ಬೆಳಗಿನಿಂದ ನಿಜಗುಣಪ್ಪನವರದು ಇದು ಮೂರನೆಯ ಫೋನ್.

“ಬಾಯಾರ, ಪುಟದಾಗ ತಪ್ಪೈತಿ. ಎಂಥಾ ತಪ್ಪು ಅಂತೀರಿ. ಕಟಕೋಳದ ಗಾಡಿ ಹೊತ್ತು ಬದಲಾಗಿ ವಾರಾತು, ಇನ್ನೂ ಹಳೇದ ತೋರಸಾಕತ್ತೈತಿ. ಅಕ್ಷರಾನೂ ಒಂದ ಕಡೆ ಸಣ್ಣ ಆಗ್ಯಾವ. ಹಿಂಗ ಬಿಟ್ರ ಮಂದಿ ನಮ್ಮನ್ನ ಏನಂತಾರ್ರಿ?”

ನನಗೆ ಗೊಂದಲವಾಯಿತು. “ಕಟಕೋಳ ಕಿತ್ತೂರಿನ ಪುಟದಾಗ ಬರೂದಿಲ್ಲಲ್ರಿ?”

“ಕಿತ್ತೂರಿಂದಲ್ರಿ. ರಾಮದುರ್ಗದ್ದು.”

“ಅದು ನಮ್ಮ ಪುಟಾರೀ, ನಾನ ನೋಡತೇನಿ.”

“ನಿಮ್ಮದೇನ್ರಿ ಅದು,” ಎಂದರು, ಸಿಟ್ಟಿನಲ್ಲಿ. “ನಾಲ್ಕೂರಿಂದು ಅಂತ ನೀವ ಹೇಳಲಿಲ್ಲೇನು? ಅದನ್ನ ತಿದ್ದಿ ಫೋನ್ ಮಾಡ್ರಿ, ನಾ ಇಲ್ಲೇ ನೋಡಕೋತ ಕುಂತಿರತೇನಿ.”

ಆಗಲಿ ಎಂದೆ. ಅವರು ಹೇಳಿದ್ದು ಸರಿಯೇ ಎಂದು ಕಟಕೋಳದ ಗಾಡಿಯ ಕಂಡಕ್ಟರನನ್ನೇ ಕೇಳಿ ಬರಬೇಕು. ಸ್ಟ್ಯಾಂಡಿಗೆ ಹೊರಟಿದ್ದೇನೆ. ಅತ್ತೆಗೆ ಹೇಳಿರಲೂ ಇಲ್ಲ. ಚೀಲ ಹಿಡಿದು ಆಗಲೇ ಕಟ್ಟೆಯ ಮೇಲೆ ಕೂತು, “ನಡಿ ಲಗೂನ, ಆ ಕಿತ್ತೂರಾಂವ ಮತ್ತ ಫೋನ್ ಮಾಡತಾನ,” ಎನ್ನುತ್ತಿದ್ದಾರೆ.